ಮತ್ತೆ ಬಾಗಿಲು ತಟ್ಟುವುದೇಕೆ?

ಚುನಾವಣೆ ಬಂತೆಂದರೆ ನಮ್ಮ ಧರ್ಮಕೇಂದ್ರಗಳ ಕೆಲವು ಯುವಕ ಯುವತಿಯರು ತಾವು ನಂಬಿದ ಅಭ್ಯರ್ಥಿಗಾಗಿ ಸ್ವಇಚ್ಛೆಯಿಂದ ಮನೆಮನೆಗೆ ಕರಪತ್ರ ಹಂಚುತ್ತಾರೆ, ಮತದಾರರ ಚೀಟಿ ಬರೆದುಕೊಡುತ್ತಾರೆ. ಆ ಅಭ್ಯರ್ಥಿ ಸೋತಾಗ, ಇಲ್ಲವೇ ಗೆದ್ದು ಕೊಟ್ಟ ಮಾತನ್ನು ಮರೆತಾಗ, 'ಈ ಸಹವಾಸವೇ ಬೇಡ' ಎಂದು ಹಿಂದೆ ಸರಿಯುತ್ತಾರೆ. ನಿಮ್ಮ ಮನೆಯಲ್ಲೂ ಅಂಥವರೊಬ್ಬರಿರಬಹುದು. ಅವರು ಮತ್ತೆ ಹೊರಡಬೇಕೇ?

ಇಂಗ್ಲೆಂಡಿನ ಥಾಮಸ್ ಕ್ಲಾರ್ಕ್‌ಸನ್ನರ ಬದುಕನ್ನು ನೋಡೋಣ. ಗುಲಾಮರ ವ್ಯಾಪಾರವನ್ನು ನಿಲ್ಲಿಸಲೆಂದು 1787ರಲ್ಲಿ ಲಂಡನ್ನಿನಲ್ಲಿ ಹನ್ನೆರಡು ಮಂದಿ ಸಮಿತಿ ಕಟ್ಟಿದಾಗ, ಅವರಲ್ಲೊಬ್ಬರಾದ ಕ್ಲಾರ್ಕ್‌ಸನ್ನರಿಗೆ 27 ವರ್ಷ. ಕುದುರೆಯೇರಿ ಬಂದರುಗಳನ್ನು ಸುತ್ತಿದರು. ನಾವಿಕರನ್ನು ಮಾತನಾಡಿಸಿ ಸಾಕ್ಷ್ಯ ಕೂಡಿಹಾಕಿದರು. ಆದರೂ 1791ರಲ್ಲಿ ಸಂಸತ್ತಿನ ಕೆಳಮನೆಯಲ್ಲಿ ಮಸೂದೆಯ ಪರ 88, ವಿರುದ್ಧ 163 ಮತಗಳು ಬಿದ್ದವು. 1794ರಲ್ಲಿ, ದೇಹ ಮನಸ್ಸುಗಳೆರಡೂ ದಣಿದು, ಅವರು ದೂರದ ಹಳ್ಳಿಯಲ್ಲಿ ಬೇಸಾಯಕ್ಕೆ ತೊಡಗಿದರು. ಹತ್ತು ವರ್ಷಗಳ ಬಳಿಕ, 1804ರಲ್ಲಿ, ಸಮಿತಿಯ ಕೆಲಸಕ್ಕೆ ಮರಳಿ ಮತ್ತೆ ಊರೂರು ಸಂಚರಿಸಿದರು. 1807ರಲ್ಲಿ ಆ ವ್ಯಾಪಾರವನ್ನು ನಿಷೇಧಿಸುವ ಕಾಯಿದೆ ಬಂತು. ಗುಲಾಮಗಿರಿ ಮಾತ್ರ ಉಳಿದೇ ಇತ್ತು. 1823ರಲ್ಲಿ, ಅರುವತ್ತು ದಾಟಿದ ವಯಸ್ಸಿನಲ್ಲಿ, ಅವರು ಇನ್ನೊಮ್ಮೆ ಪ್ರಚಾರಕ್ಕೆ ಹೊರಟರು. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸುವ ಕಾಯಿದೆ 1833ರಲ್ಲಿ ಬಂತು.

ಬಳಲಿದವನು ವಿಶ್ರಮಿಸುವುದು ಪಾಪವಲ್ಲ. ಆದರೆ ಕ್ಲಾರ್ಕ್‌ಸನ್ ವಿಶ್ರಮಿಸಿದ ಆ ಹತ್ತು ವರ್ಷಗಳಲ್ಲಿ ಗುಲಾಮರನ್ನು ತುಂಬಿದ ಹಡಗುಗಳು ವಿಶ್ರಮಿಸಲಿಲ್ಲ. ಸೋತದ್ದು ಒಂದು ಮಸೂದೆ. ಸಂಕೋಲೆ ತೊಟ್ಟವನ ಗೋಳು ಹಾಗೆಯೇ ಇತ್ತು. ನಮ್ಮ ಸೇವೆ ಅಭ್ಯರ್ಥಿಗಾಗಿ ಮಾತ್ರವಾಗಿದ್ದರೆ ಅವನ ಸೋಲಿನೊಡನೆ ಮುಗಿಯಬಹುದು. ಕುಡಿಯುವ ನೀರಿಲ್ಲದ ಕೇರಿಗಾಗಿ, ಶಿಕ್ಷಕರಿಲ್ಲದ ಶಾಲೆಗಾಗಿ ಆಗಿದ್ದರೆ, ಫಲಿತಾಂಶದ ಮರುದಿನವೂ ಆ ಕರೆ ಉಳಿದೇ ಇರುತ್ತದೆ.

'ನಾವು ಗೆಲ್ಲಿಸಿದವರೇ ನಮಗೆ ದ್ರೋಹ ಬಗೆದರಲ್ಲ?' ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಂಥವರ ಬೆನ್ನಿಗೆ ಮತ್ತೆ ನಿಲ್ಲಬೇಕಾಗಿಲ್ಲ. ಹಣ ಹೆಂಡ ಹಂಚುವ, ದ್ವೇಷ ಬಿತ್ತುವ ಕೆಲಸ ಯಾವ ಪಕ್ಷದ್ದಾದರೂ ಅದಕ್ಕೆ ಕೈಜೋಡಿಸಲೂ ಬಾರದು. ಆದರೆ ವ್ಯಕ್ತಿಯನ್ನು ಬಿಡುವುದು ಬೇರೆ, ಸಾರ್ವಜನಿಕ ಹೊಣೆಯನ್ನೇ ಬಿಡುವುದು ಬೇರೆ. 1988ರಲ್ಲಿ ಶ್ರೀಸಾಮಾನ್ಯ ವಿಶ್ವಾಸಿಗಳನ್ನು ಕುರಿತು ಬರೆದ 'ಕ್ರಿಸ್ತಿಫಿದೆಲೆಸ್ ಲಾಯಿಚಿ' ಎಂಬ ಪತ್ರದಲ್ಲಿ ಪೋಪ್ ಎರಡನೇ ಜಾನ್ ಪೌಲರು ರಾಜಕೀಯದ ಅಧಿಕಾರದಾಹ, ಭ್ರಷ್ಟಾಚಾರಗಳನ್ನು ಮರೆಮಾಚಲಿಲ್ಲ. ಅವುಗಳ ನೆಪದಿಂದ ಕ್ರೈಸ್ತರು ದೂರವುಳಿಯುವುದನ್ನು ಒಪ್ಪಲೂ ಇಲ್ಲ. ಯೇಸುಸ್ವಾಮಿಯ ಸಾಮತಿಯಲ್ಲಿ ಗಾಯಗೊಂಡವನನ್ನು ಕಂಡೂ ಬದಿಯಿಂದ ಸರಿದುಹೋದವರ ಕೈಗಳೂ ಶುದ್ಧವಾಗಿಯೇ ಇದ್ದವಲ್ಲವೇ?

ತಂದೆತಾಯಿಯರೇ, ನಿಮ್ಮ ಮಗನೋ ಮಗಳೋ ಮತ್ತೆ ಹೊರಟು ನಿಂತರೆ 'ಹೋದ ಸಲ ಆದದ್ದು ಸಾಲದೇ?' ಎಂದು ಹಂಗಿಸಬೇಡಿ. 'ಯಾರಿಗಾಗಿ ಹೊರಟೆ?' ಎಂದು ಕೇಳಿ. ನೊಂದ ನೆರೆಯವನಿಗಾಗಿ ಎಂಬ ಉತ್ತರ ಬಂದರೆ, ಹಣೆಗೆ ಶಿಲುಬೆಯ ಗುರುತು ಹಾಕಿ ಹರಸಿ ಕಳುಹಿಸಿ.