ನೋಟಕನ ಧರ್ಮ

ಆಡುವವರಿಗೆ ನಿಯಮಗಳುಂಟು, ನೋಡುವವರಿಗೂ ಏನಾದರೂ ನಿಯಮವುಂಟೆ? ಈ ಪ್ರಶ್ನೆಯು ಮೊದಲು ಕೇಳಿದವರಿಗೆ ವಿನೋದದ ಮಾತಿನಂತೆ ತೋರಬಹುದು. ನೋಟಕನು ಏನನ್ನೂ ಮಾಡುವವನಲ್ಲ. ಏನನ್ನೂ ಮಾಡದವನಿಗೆ ಧರ್ಮಾಧರ್ಮಗಳ ವಿಚಾರವೆಲ್ಲಿಯದು? ಆದರೆ ಪ್ರಾಚೀನರು ಹಾಗೆ ಎಣಿಸಲಿಲ್ಲ. ನಟನ ಲಕ್ಷಣವನ್ನು ಹೇಳಿದ ನಾಟ್ಯಶಾಸ್ತ್ರವೇ ಪ್ರೇಕ್ಷಕನ ಲಕ್ಷಣವನ್ನೂ ಹೇಳಿದೆ. ರಂಗದ ಮೇಲಣ ಹರ್ಷದಲ್ಲಿ ಹರ್ಷಿಸಿ, ಶೋಕದಲ್ಲಿ ಶೋಕಿಸಬಲ್ಲವನೇ ನಿಜವಾದ ಪ್ರೇಕ್ಷಕನೆಂಬುದು ಅದರ ಅಭಿಪ್ರಾಯ. ಆದರೂ ನಾಟಕದಲ್ಲಿ ಮಡಿದ ನಾಯಕನು ಪರದೆ ಬಿದ್ದಮೇಲೆ ಎದ್ದು ಮನೆಗೆ ಹೋಗುತ್ತಾನೆ. ಪಂದ್ಯದಲ್ಲಿ ಸೋತವರ ಸೋಲು ಜನರು ಚದರಿದಮೇಲೂ ಸೋಲಾಗಿಯೇ ಉಳಿಯುತ್ತದೆ. ಆದಕಾರಣ ನಾಟಕದ ಪ್ರೇಕ್ಷಕನಿಗಿಂತ ಪಂದ್ಯದ ನೋಟಕನ ಹೊಣೆಯು ಹೆಚ್ಚಿನದೇ ಹೊರತು ಕಡಮೆಯದಲ್ಲ.

ಈ ಹೊಣೆಯನ್ನು ಒರೆಗೆ ಹಚ್ಚಿ ನೋಡುವುದಕ್ಕೆ ಸ್ತ್ರೀಯರ ವೃತ್ತಿ ಗಾಲ್ಫ್ ಬಹಳ ತಕ್ಕ ಆಟವಾಗಿದೆ. ಗಾಲ್ಫಿನಲ್ಲಿ ಹದಿನೆಂಟು ಕುಳಿಗಳಿಗೆ ಚೆಂಡನ್ನು ಕೋಲಿನಿಂದ ಹೊಡೆದು ಸೇರಿಸಬೇಕು; ಅತಿ ಕಡಮೆ ಹೊಡೆತಗಳಲ್ಲಿ ಸೇರಿಸಿದವರು ಗೆದ್ದರು. ಬಯಲು ವಿಶಾಲವಾದದ್ದು, ಪ್ರತಿಯೊಬ್ಬರ ಬೆನ್ನ ಹಿಂದೆಯೂ ತೀರ್ಪುಗಾರನಿರುವುದಿಲ್ಲ. ತನ್ನ ತಪ್ಪನ್ನು ತಾನೇ ಕಂಡು, ತಾನೇ ಹೇಳಿ, ತಾನೇ ದಂಡ ತೆರಬೇಕೆಂಬುದು ಈ ಆಟದ ಮರ್ಯಾದೆ. ನೋಡುವವರೂ ಒಂದೆಡೆ ಕುಳಿತು ನೋಡುವವರಲ್ಲ. ಹಗ್ಗದ ಆಚೆ, ಆಟಗಾರ್ತಿಯೊಡನೆ ಮೈಲಿಗಟ್ಟಲೆ ನಡೆಯುವವರು. ಆಕೆ ಹೊಡೆಯುವಾಗ ಉಸಿರು ಬಿಗಿಹಿಡಿದು ನಿಲ್ಲುವುದೂ ಚೆಂಡು ಕುಳಿಗೆ ಇಳಿದಾಗ ಕೈ ತಟ್ಟುವುದೂ ಅವರ ಕೆಲಸ.

ಅದರಲ್ಲಿಯೂ ಸ್ತ್ರೀಯರ ಗಾಲ್ಫಿನ ನೋಟಕನು ತಾನಾಗಿಯೇ ಬಂದವನಲ್ಲ, ಕರೆಸಿಕೊಂಡು ಬಂದವನು. 1950ರಲ್ಲಿ ಅಮೆರಿಕದ ಹದಿಮೂರು ಮಂದಿ ಹೆಂಗಸರು ಸೇರಿ ಎಲ್.ಪಿ.ಜಿ.ಎ. ಎಂಬ ವೃತ್ತಿಸಂಸ್ಥೆಯನ್ನು ಕಟ್ಟಿದಾಗ ಅವರಿಗೆ ಹಣವೂ ಇರಲಿಲ್ಲ, ಜನವೂ ಇರಲಿಲ್ಲ. ಪಂದ್ಯಗಳ ಏರ್ಪಾಡನ್ನು ತಾವೇ ನೋಡಿಕೊಂಡರು; ಊರಿಂದೂರಿಗೆ ತಮ್ಮ ಕಾರುಗಳನ್ನು ತಾವೇ ನಡೆಸಿಕೊಂಡು ಹೋದರು; ಮುಷ್ಟಿಯುದ್ಧದ ಕಣಕ್ಕೂ ಬೇಸ್‌ಬಾಲ್ ಮೈದಾನಕ್ಕೂ ಹೋಗಿ, ಅಲ್ಲಿ ನೆರೆದವರನ್ನು ತಮ್ಮ ಆಟಕ್ಕೆ ಬರಬೇಕೆಂದು ಬೇಡಿಕೊಂಡರು. ಕರೆಗೆ ಓಗೊಟ್ಟು ಬಂದವನಿಗೆ ಅತಿಥಿ ಎಂದು ಹೆಸರು. ಅತಿಥಿಗೆ ಸತ್ಕಾರವು ಸಲ್ಲತಕ್ಕದ್ದು ನಿಜ. ಆದರೆ ಅತಿಥಿಗೂ ಒಂದು ಧರ್ಮವಿದೆ. ಬಡಿಸಿದವಳ ಕೈಯನ್ನು ನೋಡುತ್ತ ಕುಳಿತು, ಸಾರಿನಲ್ಲಿ ಉಪ್ಪು ಹೆಚ್ಚೋ ಕಡಮೆಯೋ ಎಂದು ಪಂಕ್ತಿಯ ನಡುವೆ ಕೂಗುವವನನ್ನು ಯಾರೂ ಸತ್ಯವಂತನೆಂದು ಕೊಂಡಾಡುವುದಿಲ್ಲ.

ಈ ಮಾತಿಗೆ ನಿದರ್ಶನವಾಗಿ ಒಂದು ಪ್ರಸಂಗವನ್ನು ಇಲ್ಲಿ ವಿಚಾರಿಸಬಹುದು. 2017ನೆಯ ವರ್ಷ ಕ್ಯಾಲಿಫೋರ್ನಿಯದ ರ‍್ಯಾಂಚೊ ಮಿರಾಜ್‌ನಲ್ಲಿ ಎ.ಎನ್.ಎ. ಇನ್‌ಸ್ಪಿರೇಷನ್ ಎಂಬ ದೊಡ್ಡ ಪಂದ್ಯವು ನಡೆಯಿತು. ಶನಿವಾರದ ಆಟದಲ್ಲಿ, ಹದಿನೇಳನೆಯ ಕುಳಿಯ ಬಳಿ, ಇಪ್ಪತ್ತೆರಡು ವಯಸ್ಸಿನ ಲೆಕ್ಸಿ ಥಾಂಪ್ಸನ್ ತನ್ನ ಚೆಂಡಿನ ಸ್ಥಾನವನ್ನು ಗುರುತಿಟ್ಟು, ಚೆಂಡನ್ನೆತ್ತಿ, ಮತ್ತೆ ಇಟ್ಟಳು. ಇಡುವಾಗ ಅದು ಮೊದಲಿನ ಸ್ಥಾನಕ್ಕಿಂತ ಸುಮಾರು ಒಂದು ಅಂಗುಲದಷ್ಟು ಸರಿದಿತ್ತು. ಕುಳಿಯು ತೀರ ಹತ್ತಿರದಲ್ಲಿತ್ತು, ಜೊತೆಯವರಾಗಲಿ ಅಧಿಕಾರಿಗಳಾಗಲಿ ಇದನ್ನು ಗಮನಿಸಲಿಲ್ಲ, ಆಕೆಗೂ ತಿಳಿಯಲಿಲ್ಲ. ಮರುದಿನ, ಏಪ್ರಿಲ್ 2ರಂದು, ಆಕೆ ಎಲ್ಲರಿಗಿಂತ ಮುಂದಿದ್ದು ಕೊನೆಯ ಸುತ್ತನ್ನು ಆಡುತ್ತಿದ್ದಾಗ, ಟೆಲಿವಿಷನ್ನಿನಲ್ಲಿ ಹಿಂದಿನ ದಿನದ ಆಟವನ್ನು ನೋಡಿದ್ದ ಯಾರೋ ಒಬ್ಬರು ಇ-ಮೇಲ್ ಬರೆದು ದೂರಿತ್ತರು. ಅಧಿಕಾರಿಗಳು ಚಿತ್ರವನ್ನು ಪರೀಕ್ಷಿಸಿದರು. ಹನ್ನೆರಡನೆಯ ಕುಳಿಯನ್ನು ಮುಗಿಸಿ ಹದಿಮೂರನೆಯದಕ್ಕೆ ನಡೆಯುತ್ತಿದ್ದವಳನ್ನು ತಡೆದು, ಚೆಂಡನ್ನು ತಪ್ಪಾದ ಎಡೆಯಿಂದ ಆಡಿದ್ದಕ್ಕೆ ಎರಡು ಹೊಡೆತ, ಆ ತಪ್ಪಿನಿಂದ ಹಿಂದಿನ ದಿನದ ಅಂಕಪಟ್ಟಿಯೂ ತಪ್ಪಾದುದಕ್ಕೆ ಇನ್ನೆರಡು, ಒಟ್ಟು ನಾಲ್ಕು ಹೊಡೆತಗಳ ದಂಡವೆಂದು ತಿಳಿಸಿದರು. ಆಕೆ ಕಣ್ಣೀರಿಟ್ಟಳು; ಕಣ್ಣೊರಸಿಕೊಂಡು ಆಡಿದಳು. ಹದಿನೆಂಟನೆಯ ಕುಳಿಯಲ್ಲಿ ಒಂದು ಹೊಡೆತವನ್ನು ಉಳಿಸಿ, ಕೊರಿಯ ದೇಶದ ಸೋ ಯೆಯಾನ್ ರ‍್ಯೂ ಎಂಬವಳೊಡನೆ ಸಮವಾಗಿ ನಿಂತಳು. ಸಮವನ್ನು ಮುರಿಯುವ ಆಟದ ಮೊದಲನೆಯ ಕುಳಿಯಲ್ಲಿಯೇ ರ‍್ಯೂ ಗೆದ್ದಳು.

ದೂರಿತ್ತವರ ಹೆಸರನ್ನು ಸಂಸ್ಥೆಯು ಹೊರಗೆಡಹಲಿಲ್ಲ. ಅವರು ಮಾಡಿದ್ದು ಧರ್ಮವೋ ಅಧರ್ಮವೋ?

ಅದು ಧರ್ಮವೇ ಎನ್ನುವವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸತ್ಯವು ಯಾರ ಬಾಯಿಂದ ಬಂದರೂ ಸತ್ಯವೇ. ಚೆಂಡು ಸರಿದದ್ದು ಸುಳ್ಳಲ್ಲ. ಒಂದು ಅಂಗುಲವೇನು ಮಹಾ ಎಂದರೆ, ನಿಯಮಕ್ಕೆ ಅಂಗುಲವೂ ಗಜವೂ ಒಂದೇ. ಇಂದು ಅಂಗುಲವನ್ನು ಬಿಟ್ಟವರು ನಾಳೆ ಗೇಣನ್ನು ಬಿಟ್ಟಾರು. ಅಷ್ಟೇ ಅಲ್ಲ, ಕಣದಲ್ಲಿ ಲೆಕ್ಸಿ ಒಬ್ಬಳೇ ಇರಲಿಲ್ಲ. ಪ್ರತಿಯೊಂದು ಸಲವೂ ಚೆಂಡನ್ನು ಸರಿಯಾದ ಎಡೆಯಲ್ಲಿ ಇಟ್ಟ ಇತರ ಹೆಂಗಸರೂ ಇದ್ದರು. ಒಬ್ಬಳ ಮೇಲಣ ದಾಕ್ಷಿಣ್ಯದಿಂದ ಮೌನವಾಗಿರುವುದೆಂದರೆ ಉಳಿದವರೆಲ್ಲರಿಗೂ ಅನ್ಯಾಯ ಮಾಡಿದಂತೆ. ಕಂಡದ್ದನ್ನು ಹೇಳದ ಸಾಕ್ಷಿಯು ದೋಷಿಯೆಂದು ಧರ್ಮಶಾಸ್ತ್ರಗಳು ಸಾರುವುದಿಲ್ಲವೆ?

ಸಾರುತ್ತವೆ. ಆದರೆ ಸಾಕ್ಷಿ ಎಂದರೆ ಯಾರು? ಸಭೆಗೆ ಬಂದು, ಹೆಸರು ಹೇಳಿ, ಪ್ರಮಾಣ ಮಾಡಿ, ತನ್ನ ಮಾತಿನ ಫಲಕ್ಕೆ ತಾನೂ ಕೊರಳೊಡ್ಡುವವನು. ಅವನ ಮಾತು ಸುಳ್ಳಾದರೆ ಅವನಿಗೂ ದಂಡನೆಯುಂಟು. ಮನೆಯಲ್ಲಿ ಕುಳಿತು ಚಿತ್ರವನ್ನು ಮತ್ತೆ ಮತ್ತೆ ತಿರುಗಿಸಿ ನೋಡಬಲ್ಲ ನೋಟಕನು ಏನನ್ನು ಒಡ್ಡಿದ್ದಾನೆ? ಅವನ ಮಾತು ನಿಜವಾದರೆ ಮತ್ತೊಬ್ಬರಿಗೆ ನಾಲ್ಕು ಹೊಡೆತ; ಸುಳ್ಳಾದರೆ ಅವನಿಗೆ ಏನೂ ಇಲ್ಲ. ಎರಡನೆಯದಾಗಿ, ನ್ಯಾಯದ ಕಣ್ಣು ಎಲ್ಲರ ಮೇಲೂ ಸಮವಾಗಿ ಬೀಳಬೇಕು. ಟೆಲಿವಿಷನ್ನಿನ ಕಣ್ಣು ಮುಂದಿರುವವರ ಮೇಲೆಯೇ ಬೀಳುತ್ತದೆ. ಹಿಂದೆ ಬಿದ್ದವಳೊಬ್ಬಳು ಅದೇ ದಿನ, ಅದೇ ಕುಳಿಯಲ್ಲಿ, ಎರಡು ಅಂಗುಲ ತಪ್ಪಿದ್ದರೂ ಅದನ್ನು ಕಂಡು ಬರೆಯುವವರು ಯಾರು? ಚೆನ್ನಾಗಿ ಆಡಿದವರಿಗೆ ಮಾತ್ರ ತಗಲುವ ಕಾನೂನನ್ನು ಕಾನೂನೆನ್ನಲಾಗದು. ಮೂರನೆಯದಾಗಿ, ತಪ್ಪನ್ನು ತಾನೇ ಒಪ್ಪಿಕೊಳ್ಳುವ ಅವಕಾಶವು ಅಪರಾಧಿಗೂ ಸಲ್ಲತಕ್ಕದ್ದು. ತನಗೆ ತಿಳಿಯದ ತಪ್ಪನ್ನು, ಅಂಕಪಟ್ಟಿಗೆ ಸಹಿಯಾದ ಮರುದಿನ, ಆಟದ ನಡುವೆ ಕೇಳಿದವಳಿಗೆ ಆ ಅವಕಾಶವೇ ಉಳಿಯಲಿಲ್ಲ.

ಆಟದ ನಿಯಮಗಳನ್ನು ಕಾಯುವ ಸಂಸ್ಥೆಗಳೂ ಕೊನೆಗೆ ಇದನ್ನು ಮನಗಂಡವೆನ್ನಬಹುದು. 2017ರ ಏಪ್ರಿಲಿನಲ್ಲಿಯೇ, ಬರಿಯ ಕಣ್ಣಿಗೆ ಕಾಣಲಾರದ ತಪ್ಪನ್ನು ಚಿತ್ರದ ಆಧಾರದಿಂದ ದಂಡಿಸಬಾರದೆಂದೂ ಆಟಗಾರರು ಪ್ರಾಮಾಣಿಕವಾಗಿ ನಿರ್ಣಯಿಸಿದ ಸ್ಥಾನವನ್ನು ಮನ್ನಿಸಬೇಕೆಂದೂ ಅವು ವಿಧಿಸಿದುವು. 2018ರ ಜನವರಿ 1ರಿಂದ ಮನೆಯ ನೋಟಕರ ದೂರುಗಳನ್ನು ಸ್ವೀಕರಿಸುವುದೇ ನಿಂತಿತು. ಚಿತ್ರವನ್ನು ನೋಡುವ ಕೆಲಸವು ಅದಕ್ಕೆಂದೇ ನೇಮಕವಾದ ಅಧಿಕಾರಿಗೆ ಹೋಯಿತು. ಸತ್ಯವನ್ನು ನುಡಿಯುವ ಕೆಲಸವನ್ನು ನಿಲ್ಲಿಸಲಿಲ್ಲ. ಅದರ ಹೊಣೆ ಹೊತ್ತವನಿಗೆ ಅದನ್ನು ಒಪ್ಪಿಸಿದರು, ಅಷ್ಟೆ.

ಇಷ್ಟರಿಂದ ದೂರಿತ್ತವರದೇ ತಪ್ಪು, ಉಳಿದ ನೋಟಕರೆಲ್ಲರೂ ನಿರ್ದೋಷಿಗಳು ಎಂದು ತೀರ್ಮಾನಿಸಿದರೆ ವಿಚಾರವು ಅರ್ಧಕ್ಕೇ ನಿಂತಂತಾಗುವುದು. ಆ ಭಾನುವಾರದ ಸಂಜೆ ಬಯಲಿನ ಜನವೆಲ್ಲ ಲೆಕ್ಸಿಯ ಹೆಸರನ್ನೇ ಕೂಗುತ್ತಿತ್ತು. ಕರುಣೆಯ ಕೂಗು ಅದು, ಸಹಜವಾದದ್ದು. ಆದರೆ ಆ ಕೂಗಿನ ನಡುವೆ ಇನ್ನೊಬ್ಬಳು ನಿಂತಿದ್ದಳು. ರ‍್ಯೂ ಯಾರ ಮೇಲೂ ದೂರಿತ್ತವಳಲ್ಲ. ಯಾವ ನಿಯಮವನ್ನೂ ಮೀರಿದವಳಲ್ಲ. ತನ್ನ ಬಾಳಿನ ಎರಡನೆಯ ಮಹಾಪಂದ್ಯವನ್ನು ಗೆದ್ದ ಗಳಿಗೆಯಲ್ಲಿ, ಗೆದ್ದುದಕ್ಕೇ ಅಳುಕಬೇಕಾದಂತಹ ಸ್ಥಿತಿ ಆಕೆಗೆ ಬಂದಿತು. ಒಬ್ಬಳ ದುಃಖಕ್ಕೆ ಜನರು ಕೊಟ್ಟ ಸಾಂತ್ವನದ ಬೆಲೆಯನ್ನು ಮತ್ತೊಬ್ಬಳ ಸಂತೋಷದಿಂದ ಕಿತ್ತುಕೊಂಡಂತಾಯಿತು. ದೂರಿತ್ತವನ ಸತ್ಯಕ್ಕೆ ಬೆಲೆ ತೆತ್ತವಳು ಲೆಕ್ಸಿ; ನೆರೆದವರ ಕರುಣೆಗೆ ಬೆಲೆ ತೆತ್ತವಳು ರ‍್ಯೂ. ನೋಟಕರ ಗಂಟಿನಿಂದ ಏನೂ ಹೋಗಲಿಲ್ಲ.

ಇದಕ್ಕೆ ಅರುವತ್ತು ವರ್ಷಗಳ ಹಿಂದೆ ನಡೆದ ಮತ್ತೊಂದು ಪ್ರಸಂಗವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. 1957ರಲ್ಲಿ ನ್ಯೂಯಾರ್ಕಿನ ಸಮೀಪದ ವಿಂಗ್ಡ್ ಫುಟ್ ಕ್ಲಬ್ಬಿನಲ್ಲಿ ಅಮೆರಿಕದ ಸ್ತ್ರೀಯರ ಓಪನ್ ಪಂದ್ಯವು ನಡೆಯಿತು. ಹವಾಯಿ ದ್ವೀಪದ ಜ್ಯಾಕಿ ಪಂಗ್ 298 ಹೊಡೆತಗಳಲ್ಲಿ ಆಟವನ್ನು ಮುಗಿಸಿದಳು; ಬೆಟ್ಸಿ ರಾಲ್ಸ್ 299. ಗೆದ್ದವಳು ಪಂಗ್ ಎಂದೇ ಎಲ್ಲರೂ ತಿಳಿದರು. ಆದರೆ ಗಾಲ್ಫಿನಲ್ಲಿ ಒಬ್ಬರ ಅಂಕಗಳನ್ನು ಜೊತೆಯವರು ಬರೆಯುತ್ತಾರೆ. ಆಡಿದವರು ಸರಿನೋಡಿ ಸಹಿ ಮಾಡಬೇಕು. ಪಂಗಳ ಪಟ್ಟಿಯಲ್ಲಿ ನಾಲ್ಕನೆಯ ಕುಳಿಗೆ ಆರರ ಬದಲು ಐದು ಎಂದು ಬರೆದಿತ್ತು. ಕೆಳಗಿನ ಮೊತ್ತವು ಸರಿಯಾಗಿಯೇ ಇತ್ತು. ಒಂದು ಹೊಡೆತವನ್ನೂ ಆಕೆ ಕದ್ದಿರಲಿಲ್ಲ. ಆದರೂ ಕುಳಿಯೊಂದರ ಅಂಕ ತಪ್ಪಿದ ಪಟ್ಟಿಗೆ ಸಹಿ ಮಾಡಿದ್ದರಿಂದ ಆಕೆಯನ್ನು ಪಂದ್ಯದಿಂದಲೇ ಹೊರಗಿಟ್ಟರು. ಪ್ರಶಸ್ತಿಯು ರಾಲ್ಸ್‌ಗೆ ಹೋಯಿತು.

ಅಲ್ಲಿ ನೆರೆದವರು ಏನು ಮಾಡಿದರು? ಕ್ಲಬ್ಬಿನ ಸದಸ್ಯರು ಮೊದಲಾದವರು ಅಲ್ಲಿಯೇ ಚಂದಾ ಎತ್ತಿದರು. ಗೆದ್ದವಳಿಗೆ ಸಂದ ಬಹುಮಾನವು 1,800 ಡಾಲರು. ಪಂಗ್‌ಗಾಗಿ ಕೂಡಿದ ಹಣವು ಅದಕ್ಕಿಂತಲೂ ಹೆಚ್ಚಾಯಿತು.

ಈ ಕಾರ್ಯದ ಸೊಗಸನ್ನು ಸ್ವಲ್ಪ ನಿಧಾನಿಸಿ ನೋಡಬೇಕು. ಅವರ ಕೊಡುಗೆಯು ನಿಯಮವನ್ನು ಬಾಗಿಸಲಿಲ್ಲ. ರಾಲ್ಸಳ ಪ್ರಶಸ್ತಿಯಿಂದ ಒಂದು ಚೂರನ್ನೂ ಕೀಳಲಿಲ್ಲ. ನಿಯಮವು ತನ್ನ ಕೆಲಸವನ್ನು ಮಾಡಿತು, ಕಠಿನವಾಗಿಯೇ ಮಾಡಿತು. ನಿಯಮದ ಕೈ ತಲಪದ ಎಡೆಯಲ್ಲಿ ಮನುಷ್ಯರು ತಮ್ಮ ಕೈ ಚಾಚಿದರು. ಅದೂ ತಮ್ಮ ಜೇಬಿನೊಳಗಿಂದ. ಸತ್ಯಕ್ಕೂ ದಯೆಗೂ ವಿರೋಧವುಂಟೆಂದು ಆಗಾಗ ಹೇಳುವುದನ್ನು ಕೇಳುತ್ತೇವೆ. ವಿರೋಧವು ಅವೆರಡರ ನಡುವೆ ಇರುವುದಲ್ಲ. ತಾನು ಬೆಲೆ ತೆರುವುದಕ್ಕೂ ಪರರಿಂದ ತೆರಿಸುವುದಕ್ಕೂ ನಡುವೆ ಇರುವುದು. ತಾನು ತೆರಲು ಸಿದ್ಧನಾದವನಲ್ಲಿ ಸತ್ಯವೂ ದಯೆಯೂ ಕೂಡಿ ಬಾಳುತ್ತವೆ. ಪರರಿಂದ ತೆರಿಸುವವನಲ್ಲಿ ಸತ್ಯವು ಚಾಡಿಯಾಗುತ್ತದೆ, ದಯೆಯು ಪಕ್ಷಪಾತವಾಗುತ್ತದೆ.

ಹಾಗಾದರೆ ಹಣವಿಲ್ಲದ, ದೂರದ ಊರಿನ ನೋಟಕನು ಏನನ್ನು ತೆತ್ತಾನು? ಇದಕ್ಕೆ ಉತ್ತರವನ್ನು ಕನ್ನಡನಾಡಿನ ಮಗಳೊಬ್ಬಳ ವೃತ್ತಾಂತದಲ್ಲಿ ಹುಡುಕಬಹುದು. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸಿನ ಕೊನೆಯ ಸುತ್ತಿಗೆ ಎರಡನೆಯ ಸ್ಥಾನದಲ್ಲಿ ನಿಂತು ಹೊರಟಳು. ಆಕೆಯ ತಾಯಿಯೇ ಕೋಲುಗಳ ಚೀಲವನ್ನು ಹೊತ್ತು ಜೊತೆಗೆ ನಡೆದಳು. 2021ರ ಆಗಸ್ಟ್ 7ರ ಬೆಳಗಿನ ಜಾವ, ಗಾಲ್ಫ್ ಎಂದರೇನೆಂದು ಅರಿಯದ ಎಷ್ಟೋ ಮನೆಗಳಲ್ಲಿ ದೀಪ ಹೊತ್ತಿತು. ಕುಳಿಯ ಲೆಕ್ಕವನ್ನು ಮಕ್ಕಳು ಹಿರಿಯರಿಗೆ ವಿವರಿಸಿದರು. ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕವು ತಪ್ಪಿ, ಆಕೆ ನಾಲ್ಕನೆಯವಳಾದಳು. ಅಂದು ದೇಶವೆಲ್ಲ ಆಕೆಯನ್ನು ಹೊಗಳಿತು, ಅದು ಸರಿಯೇ. ಆದರೆ 2023ರಲ್ಲಿ ಆಕೆ ಕೀನ್ಯದಲ್ಲಿಯೂ ಸ್ಪೇನಿನಲ್ಲಿಯೂ ಯೂರೋಪಿನ ಪಂದ್ಯಮಾಲೆಯ ಪ್ರಶಸ್ತಿಗಳನ್ನು ಗೆದ್ದಾಗ ಆ ಮನೆಗಳಲ್ಲಿ ಎಷ್ಟರಲ್ಲಿ ದೀಪ ಹೊತ್ತಿತು? ಪದಕದ ಆಸೆಯಿಂದ ನೋಡಿದವನು ಪದಕವನ್ನು ನೋಡಿದನೇ ಹೊರತು ಆಟಗಾರ್ತಿಯನ್ನು ನೋಡಲಿಲ್ಲ. ಹೆಸರಿಲ್ಲದ ಒಂದು ಗುರುವಾರದ ಬೆಳಗ್ಗೆ, ಐವತ್ತನೆಯ ಸ್ಥಾನದಲ್ಲಿರುವವಳ ಆಟವನ್ನೂ ವಿಚಾರಿಸಿಕೊಳ್ಳುವವನು ತೆರುವ ಬೆಲೆ ಎಂದರೆ ತನ್ನ ಹೊತ್ತು, ತನ್ನ ನಿಷ್ಠೆ. ಅದು ಬಡವನ ಬಳಿಯೂ ಇರುವ ಧನ.

ಆ ನಿಷ್ಠೆಯೂ ಸಾಲವಾಗಿ ಪರಿಣಮಿಸಬಾರದು. ಮೆಕ್ಸಿಕೊ ದೇಶದ ಲೊರೇನ ಒಚೊವ 2010ರಲ್ಲಿ, ಜಗತ್ತಿನ ಮೊದಲನೆಯ ಸ್ಥಾನದಲ್ಲಿರುವಾಗಲೇ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಆಟವನ್ನು ಬಿಟ್ಟು ಸಂಸಾರದ ಕಡೆಗೆ ಹೊರಳಿದಳು. ಲೆಕ್ಸಿ ಥಾಂಪ್ಸನ್ 2024ರಲ್ಲಿ, ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಪೂರ್ಣಕಾಲದ ಸ್ಪರ್ಧೆಯನ್ನು ಬಿಡುವೆನೆಂದು ಸಾರಿ, ಈ ವೃತ್ತಿಯ ಒಂಟಿತನವನ್ನೂ ಮನಸ್ಸಿನ ಬಳಲಿಕೆಯನ್ನೂ ಮುಚ್ಚದೆ ಹೇಳಿದಳು. ಇಷ್ಟು ವರ್ಷ ನಿನ್ನನ್ನು ಮೆಚ್ಚಿದೆವು, ಇನ್ನೂ ಆಡು ಎಂದು ಹಿಂದೆ ಬೀಳುವ ಮೆಚ್ಚಿಕೆಯು ಮೆಚ್ಚಿಕೆಯಲ್ಲ, ಬಡ್ಡಿಯ ವ್ಯವಹಾರ. ಉಂಡು ಹರಸಿ ಎದ್ದುಹೋಗುವುದು ಅತಿಥಿಯ ಮರ್ಯಾದೆ. ನಾಳೆಯೂ ಬಡಿಸೆಂದು ಹಟ ಹಿಡಿಯುವುದಲ್ಲ.

ಮನುಷ್ಯನು ತನ್ನ ಬಾಳಿನಲ್ಲಿ ಆಡುವುದು ಸ್ವಲ್ಪ. ಪರರ ಬಾಳನ್ನು ನೋಡುವುದೇ ಬಹಳ. ನೆರೆಮನೆಯ ಸೊಸೆಯ ನಡತೆ, ಗೆಳೆಯನ ವ್ಯಾಪಾರ, ತಮ್ಮನ ಸಂಸಾರ ಇವೆಲ್ಲಕ್ಕೂ ಅವನು ನೋಟಕನೇ. ಅಲ್ಲೆಲ್ಲ ಒಂದು ಅಂಗುಲ ಸರಿದ ಚೆಂಡುಗಳು ದಿನವೂ ಕಣ್ಣಿಗೆ ಬೀಳುತ್ತವೆ. ಕಂಡದ್ದನ್ನು ನುಡಿಯಬೇಕೋ ಬೇಡವೋ ಎಂಬ ಗಳಿಗೆ ಬಂದಾಗ ಅವನು ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಮಾತಿನ ಬೆಲೆಯನ್ನು ಯಾರು ತೆರುತ್ತಾರೆ? ಅದರಲ್ಲಿ ತನ್ನ ಪಾಲೂ ಇದ್ದರೆ ನುಡಿಯಬಹುದು, ಕೆಲವು ಸಲ ನುಡಿಯಲೇಬೇಕು. ಇಲ್ಲದಿದ್ದರೆ ಹಗ್ಗದ ಆಚೆ ನಿಂತು, ಹೊಡೆಯುವವರ ಕೈ ನಡುಗದಂತೆ ಮೌನವಾಗಿರುವುದು ಮೇಲು.