ಹಸುವನ್ನು ತಾ: ಪತ್ತೇದಾರಿ ಧಾರಾವಾಹಿ ಮತ್ತು ಪದದ ಅರ್ಥ

ಪದಕ್ಕೂ ಅರ್ಥಕ್ಕೂ ಇರುವ ಸಂಬಂಧ ಮೊದಲ ಬಾರಿಗೆ ತಿಳಿಯುವುದು ಹೇಗೆ? ಭಾರತೀಯ ದರ್ಶನಗಳು ಈ ತಿಳಿವಿಗೆ ಶಕ್ತಿಗ್ರಹ ಎಂದು ಹೆಸರಿಟ್ಟಿವೆ. ನೈಯಾಯಿಕರು ಇದಕ್ಕೆ ಎಂಟು ದಾರಿಗಳನ್ನು ಹೇಳುತ್ತಾರೆ; ವ್ಯಾಕರಣ, ಕೋಶ, ಆಪ್ತರ ಮಾತು, ವಿವರಣೆ ಇವೆಲ್ಲ ಅದರಲ್ಲಿ ಸೇರಿವೆ. ಆದರೆ ಕೋಶ ತೆರೆಯಲಿಕ್ಕೂ ಒಂದು ಭಾಷೆ ಬೇಕು. ಯಾವ ಭಾಷೆಯೂ ಬಾರದ ಮಗುವಿಗೆ ಉಳಿಯುವುದು ಹಿರಿಯರ ವ್ಯವಹಾರ ಮಾತ್ರ.

ಮೀಮಾಂಸಕರ ಉದಾಹರಣೆ ಪ್ರಸಿದ್ಧವಾದದ್ದು. ಹಿರಿಯನೊಬ್ಬ 'ಹಸುವನ್ನು ತಾ' ಎನ್ನುತ್ತಾನೆ; ಇನ್ನೊಬ್ಬ ಹೋಗಿ ತರುತ್ತಾನೆ. ಪಕ್ಕದಲ್ಲಿದ್ದ ಮಗು ಆ ಮಾತಿನಿಂದಲೇ ಈ ಕೆಲಸ ನಡೆಯಿತೆಂದು ಊಹಿಸುತ್ತದೆ. ಆಮೇಲೆ 'ಹಸುವನ್ನು ಕಟ್ಟು', 'ಕುದುರೆಯನ್ನು ತಾ' ಎಂಬ ಮಾತುಗಳು ಬರುತ್ತವೆ. ಒಂದು ಪದ ಹೋಗಿ ಇನ್ನೊಂದು ಬಂದಾಗ ಕೆಲಸದಲ್ಲಿ ಯಾವುದು ಬದಲಾಯಿತೆಂದು ನೋಡಿ ಪದಗಳನ್ನು ಬಿಡಿಸಿಕೊಳ್ಳುತ್ತದೆ. ಈ ಕ್ರಮಕ್ಕೆ ಆವಾಪ–ಉದ್ವಾಪ ಎನ್ನುತ್ತಾರೆ. ಇದಕ್ಕೆ ಭಿನ್ನವಾಗಿ, ಹಿರಿಯರು ವಸ್ತುಗಳನ್ನು ತೋರಿಸಿ ಹೆಸರು ಹೇಳಿದ್ದರಿಂದ ತಾನು ಕಲಿತೆನೆಂದು ಸಂತ ಅಗಸ್ಟೀನ್ ಬರೆದಿದ್ದ. 1953ರಲ್ಲಿ ಪ್ರಕಟವಾದ, ದಾರ್ಶನಿಕ ವಿಟ್ಗೆನ್‌ಸ್ಟೈನನ ಗ್ರಂಥ ಆ ಮಾತಿನ ವಿಮರ್ಶೆಯಿಂದಲೇ ಆರಂಭವಾಗುತ್ತದೆ. ಮೀಮಾಂಸಕರ ಮಗುವಿಗೆ ಯಾರೂ ಬೆರಳು ಮಾಡಿ ತೋರಿಸುವುದಿಲ್ಲ. ಆಜ್ಞೆ ಅದಕ್ಕೆ ಕೊಟ್ಟದ್ದೂ ಅಲ್ಲ. ಅದು ಬರೀ ನೋಡುಗ.

ಮೀಮಾಂಸೆಯ ನಂಟು ಬೆಂಗಳೂರಿನ ಒಂದು ಬಡಾವಣೆಯ ಹೆಸರಿನಲ್ಲೂ ಇದೆ: ವಿದ್ಯಾರಣ್ಯಪುರ ಹೊತ್ತಿರುವುದು ಶೃಂಗೇರಿಯ ವಿದ್ಯಾರಣ್ಯರ ಹೆಸರನ್ನು. ಮೀಮಾಂಸೆಯ ಅಧಿಕರಣಗಳನ್ನು ಸಂಗ್ರಹಿಸಿದ 'ಜೈಮಿನೀಯ ನ್ಯಾಯಮಾಲಾ' ಅವರದೆಂದು ಸಂಪ್ರದಾಯ ಹೇಳುತ್ತದೆ. ಆ ಬಡಾವಣೆಯ ಮನೆಯೊಂದರಲ್ಲಿ ಕುಳಿತು ಇಟಲಿಯ ಪತ್ತೇದಾರಿ ಧಾರಾವಾಹಿ ನೋಡುತ್ತ ಇಟಾಲಿಯನ್ ಕಲಿಯುವವರ ಸ್ಥಾನವೂ ಆ ಮಗುವಿನದೇ. ಪೊಲೀಸರು ಮನೆ ಶೋಧಿಸುವ ದೃಶ್ಯದಲ್ಲಿ 'ಆಪ್ರಿ ಲಾ ಪೋರ್ತಾ' ಎಂದರೆ ಬಾಗಿಲು ತೆರೆಯುತ್ತದೆ, 'ಕ್ಯೂದಿ ಲಾ ಪೋರ್ತಾ' ಎಂದರೆ ಮುಚ್ಚುತ್ತದೆ, 'ಆಪ್ರಿ ಲಾ ಫಿನೆಸ್ತ್ರಾ' ಎಂದರೆ ಕಿಟಕಿ ತೆರೆಯುತ್ತದೆ. ಹಸು, ಕುದುರೆಗಳ ಪಾಠವೇ ಇದು. ಅಡಿಬರಹ ಓದಿಕೊಂಡರೆ ಮಾತ್ರ ದಾರಿ ಬೇರೆಯಾಗುತ್ತದೆ. ಆಗ ಕಲಿಸುವುದು ವ್ಯವಹಾರವಲ್ಲ, ವಿವರಣೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಅಪರಾಧದ ಕಥೆಯಲ್ಲಿ ಜನ ಸುಳ್ಳು ಹೇಳುತ್ತಾರೆ. 'ಆ ರಾತ್ರಿ ಮನೆಯಲ್ಲಿದ್ದೆ' ಎಂದವನು ನಿಜವಾಗಿ ಕಡಲ ದಂಡೆಯಲ್ಲಿದ್ದ. ಮಾತು ಮತ್ತು ಸಂಗತಿ ಹೀಗೆ ಕೂಡದಿರುವಾಗ 'ಮನೆ' ಎಂಬ ಪದದ ಅರ್ಥ ತಿಳಿಯುವುದೆಲ್ಲಿಂದ? ಉತ್ತರ ಹಸುವಿನ ಉದಾಹರಣೆಯೊಳಗೇ ಇದೆ. ಮಗು ಗಮನಿಸುವುದು ಕೇಳಿದವನು ಏನು ಮಾಡಿದನೆಂಬುದನ್ನು. ಸುಳ್ಳು ಕೇಳಿದ ತನಿಖಾಧಿಕಾರಿ ಪರೀಕ್ಷಿಸಲು ಹೋಗುವುದು ಆ ಮನೆಗೇ. ಹೇಳಿದವನು ಆಪ್ತನಲ್ಲದಿದ್ದರೆ ಅವನ ಮಾತು ಪ್ರಮಾಣವಾಗುವುದಿಲ್ಲ, ಆದರೂ ಪದ ತನ್ನ ಅರ್ಥವನ್ನು ಬಿಡುವುದಿಲ್ಲ.

ಇನ್ನೊಂದು ತೊಡಕು 1999ರಲ್ಲಿ ಆರಂಭವಾದ 'ಕಮಿಸ್ಸಾರಿಯೊ ಮೊಂತಾಲ್ಬಾನೊ'ದಂಥ ಧಾರಾವಾಹಿಯದು. ಆಂದ್ರೆಯಾ ಕಮಿಲ್ಲೆರಿಯ ಕಾದಂಬರಿಗಳನ್ನು ಆಧರಿಸಿದ ಇದರಲ್ಲಿ ಸಿಸಿಲಿಯ ಆಡುನುಡಿ ಬೆರೆತಿದೆ. ನಾಯಕ ತನ್ನ ಪರಿಚಯ ಹೇಳುವಾಗ ಕ್ರಿಯಾಪದವನ್ನು ಕನ್ನಡದಂತೆ ಕೊನೆಗಿಡುತ್ತಾನೆ. ಶಿಷ್ಟ ಇಟಾಲಿಯನ್ನಿನ ರೂಢಿ ಅದಲ್ಲ. ಆದರೆ ಮಗುವೂ ಕಲಿಯುವುದು ತನ್ನ ಮನೆಯ ನುಡಿಯನ್ನೇ.

ನಿಜವಾದ ಕೊರತೆ ಮೂರನೆಯದು. ಪದಗಳು ಅರ್ಥ ಕೊಡುವುದು ಮಾಡಬೇಕಾದ ಕಾರ್ಯದೊಡನೆ ಕೂಡಿಯೇ ಎಂಬುದು ಮೀಮಾಂಸಕ ಪ್ರಭಾಕರರ ಮತ. 'ಹಸುವನ್ನು ತಾ' ಎಂದು ಒಂದು ದಿನ ಮಗುವಿಗೇ ಹೇಳುತ್ತಾರೆ. ತೆರೆಯ ಮುಂದೆ ಕುಳಿತವರಿಗೆ ಯಾರೂ ಹೇಳುವುದಿಲ್ಲ. ವಿದ್ಯಾರಣ್ಯಪುರದ ಪಕ್ಕದ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಬಿಇಎಲ್ ಕಾರ್ಖಾನೆಗೆಂದು ಬೇರೆ ಬೇರೆ ರಾಜ್ಯಗಳಿಂದ ಬಂದ ಕುಟುಂಬಗಳ ಮಕ್ಕಳಿಗೆ ಬೀದಿಯ ಕನ್ನಡದಲ್ಲಿ ಈ ಕೊರತೆ ಇರಲಿಲ್ಲ. 'ಚೆಂಡು ಎಸಿ' ಎಂದು ಕೂಗಿದರೆ ಎಸೆಯಲೇಬೇಕು. ತಿಳಿಯದೆ ಸುಮ್ಮನೆ ನಿಂತರೆ ಆಟವೂ ಅಲ್ಲೇ ನಿಲ್ಲುತ್ತದೆ, ಯಾರಾದರೂ ಮತ್ತೆ ಕೂಗುತ್ತಾರೆ.