ಅರಿಯದವನು ಗುರುವನ್ನು ಆರಿಸುವ ಬಗೆ

ಒಂದು ವಿದ್ಯೆಯ ಗಂಧವೇ ಇಲ್ಲದವನು ಅದನ್ನು ಸರಿಯಾಗಿ ಕಲಿಸುವವರು ಯಾರೆಂದು ಗುರುತಿಸುವುದು ಹೇಗೆ ಎಂಬುದು ತತ್ತ್ವಚಿಂತನೆಯ ಹಳೆಯ ತೊಡಕು. ಬಲ್ಲವನಿಗೆ ಗುರು ಬೇಕಿಲ್ಲ. ಬೇಕಾದವನಿಗೆ ಗುರುವನ್ನು ಅಳೆಯುವ ಬಲ್ಮೆ ಇಲ್ಲ. ಈ ತೊಡಕು ಇಂದು ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಹೊಸ ರೂಪದಲ್ಲಿ ಎದುರಾಗುತ್ತಿದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿದ ಮಗನೋ ಮಗಳೋ ಪೈಲಟ್ ಆಗಬೇಕೆಂದಾಗ, ಹೊಲ ಅಡವಿಟ್ಟೋ ಬ್ಯಾಂಕ್ ಸಾಲ ಎತ್ತಿಯೋ ಹಣ ಹೊಂದಿಸುವ ಮನೆಯವರು ಯಾವ ಫ್ಲೈಯಿಂಗ್ ಸ್ಕೂಲಿಗೆ ಸೇರಿಸಬೇಕೆಂದು ತೀರ್ಮಾನಿಸಬೇಕಾಗುತ್ತದೆ. ಅದರಲ್ಲೂ ಎರಡು ಎಂಜಿನ್‌ಗಳ ವಿಮಾನದಲ್ಲಿ ಪಡೆಯುವ ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದರೆ ಮೋಡದೊಳಗೆ ಹೊರಗಿನದೇನೂ ಕಾಣದಾಗ ಉಪಕರಣಗಳನ್ನಷ್ಟೇ ನೋಡಿ ವಿಮಾನ ನಡೆಸುವ ಅರ್ಹತೆ, ಈ ಆಯ್ಕೆಯನ್ನು ಇನ್ನಷ್ಟು ಕಠಿಣಗೊಳಿಸುತ್ತದೆ.

ಈ ಭಾಗದವರಿಗೆ ಹಿಂದೆ ಪೈಲಟ್ ತರಬೇತಿ ಎಂದರೆ ಬೆಂಗಳೂರಿನ ಜಕ್ಕೂರಿನ ಸರ್ಕಾರಿ ಶಾಲೆ, ಇಲ್ಲವೇ ದೂರದ ರಾಜ್ಯ, ಇಲ್ಲವೇ ವಿದೇಶ. 2020ರಲ್ಲಿ ತರಬೇತಿ ಸಂಸ್ಥೆಗಳ ನೀತಿ ಸಡಿಲಗೊಂಡ ಮೇಲೆ ವಿಮಾನ ನಿಲ್ದಾಣ ಪ್ರಾಧಿಕಾರವು ಮೊದಲ ಸುತ್ತಿನಲ್ಲಿ ಬೆಳಗಾವಿ, ಕಲಬುರಗಿ ನಿಲ್ದಾಣಗಳಲ್ಲಿ ಖಾಸಗಿ ಶಾಲೆಗಳಿಗೆ ಜಾಗ ಕೊಟ್ಟಿತು. ಎರಡನೆಯ ಸುತ್ತಿನ ಪಟ್ಟಿಗೆ ಹುಬ್ಬಳ್ಳಿಯೂ ಸೇರಿತು. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆಗಳ ಹಾರಾಟ ಬೇಕು. ಇನ್‌ಸ್ಟ್ರುಮೆಂಟ್ ರೇಟಿಂಗಿಗೆ ಉಪಕರಣಗಳ ಆಧಾರದ ಮೇಲಿನ 40 ಗಂಟೆಗಳ ಅಭ್ಯಾಸ ಬೇಕು. ಅದರಲ್ಲಿ ಸಿಮ್ಯುಲೇಟರಿನ ಪಾಲು 20 ಗಂಟೆ ಮೀರುವಂತಿಲ್ಲ. ಆ ಗಂಟೆಗಳು ಹೇಗೆ ಕಳೆದವು ಎಂಬುದನ್ನು ಮಾತ್ರ ನಿಯಮ ಹೇಳಲಾರದು. ಗಂಟೆ ಲಾಗ್‌ಬುಕ್ಕಿನಲ್ಲಿ ಬರೆದಿರುತ್ತದೆ; ವಿದ್ಯೆ ಕೈಯಲ್ಲಿ ಕೂತಿದೆಯೇ ಎಂಬುದು ಬೇರೆ ಪ್ರಶ್ನೆ.

ಈ ವಿದ್ಯೆಯ ಸ್ವರೂಪವನ್ನು ತಿಳಿದರೆ ಆಯ್ಕೆಯ ದಾರಿಯೂ ಸ್ವಲ್ಪ ತಿಳಿಯಾಗುತ್ತದೆ. ಭಾರತೀಯ ದರ್ಶನಗಳು ಜ್ಞಾನದ ಸಾಧನಗಳನ್ನು ಎಣಿಸುವಾಗ ಪ್ರತ್ಯಕ್ಷವನ್ನು ಮೊದಲಿಗೆ ಇಡುತ್ತವೆ. ಮೋಡದೊಳಗೆ ಹೊಕ್ಕ ಪೈಲಟ್ ಮೊದಲು ಬಿಡಬೇಕಾದದ್ದು ಅದೇ ಪ್ರತ್ಯಕ್ಷದ ಮೇಲಿನ ಭರವಸೆಯನ್ನು. ಒಳಗಿವಿಯ ಅರೆವೃತ್ತದ ನಾಳಗಳಲ್ಲಿರುವ ದ್ರವ, ತಿರುವು ಆರಂಭವಾದಾಗ ಸುದ್ದಿ ಕೊಡುತ್ತದೆ. ತಿರುವು ಒಂದೇ ವೇಗದಲ್ಲಿ ಮುಂದುವರಿದರೆ ಸುಮ್ಮನಾಗುತ್ತದೆ. ಆಗ ವಾಲಿದ ವಿಮಾನ ನೆಟ್ಟಗಿದೆ ಎಂದೇ ಮೈ ಹೇಳುತ್ತದೆ. ನೆಟ್ಟಗೆ ಮಾಡಿದ ಕೂಡಲೇ ಈಗ ಇನ್ನೊಂದು ಕಡೆಗೆ ವಾಲಿತು ಎನ್ನುತ್ತದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ 1954ರ ಪ್ರಯೋಗದಲ್ಲಿ ಈ ತರಬೇತಿಯಿಲ್ಲದ 20 ಮಂದಿಯನ್ನು ಹೊರಗೇನೂ ಕಾಣದ ಕೃತಕ ಸ್ಥಿತಿಗೆ ಒಡ್ಡಲಾಯಿತು. ಇಪ್ಪತ್ತೂ ಮಂದಿ ವಿಮಾನದ ಹಿಡಿತ ಕಳೆದುಕೊಂಡರು. ಅದಕ್ಕೆ ಹಿಡಿದ ಸಮಯ ಸರಾಸರಿ 178 ಸೆಕೆಂಡು. ಕಣ್ಣಿಗೆ ಆಧಾರ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಹುಬ್ಬಳ್ಳಿಯೇ ಕಂಡಿದೆ. 2015ರ ಮಾರ್ಚ್ 8ರ ಸಂಜೆ ಬೆಂಗಳೂರಿನಿಂದ ಬಂದ ಪ್ರಯಾಣಿಕರ ವಿಮಾನವೊಂದು ಜೋರು ಮಳೆಯಲ್ಲಿ ಇಳಿದು ರನ್‌ವೇ ಬಿಟ್ಟು ಪಕ್ಕಕ್ಕೆ ಹೋಯಿತು. ಒಳಗಿದ್ದವರೆಲ್ಲ ಬದುಕಿದರು. ನೆಲ ಮುಟ್ಟಿದ ಮೇಲೆ ಕಣ್ಣಿಗೆ ಗುರುತುಗಳು ಸಿಗದೆ ಹೋದದ್ದನ್ನು ತನಿಖೆ ಕಾರಣವಾಗಿ ಎತ್ತಿ ತೋರಿಸಿತು.

ಹಾಗಾದರೆ ಇಂದ್ರಿಯವನ್ನು ಬಿಟ್ಟು ಯಂತ್ರವನ್ನು ಕಣ್ಣುಮುಚ್ಚಿ ನಂಬಬೇಕೇ? 1978ರ ಜನವರಿ 1ರ ರಾತ್ರಿ ಮುಂಬಯಿಯಿಂದ ದುಬೈಗೆ ಹೊರಟ ಏರ್ ಇಂಡಿಯಾದ ‘ಎಂಪರರ್ ಅಶೋಕ’ ವಿಮಾನ ಈ ಪ್ರಶ್ನೆಗೆ ಉತ್ತರ ಕೊಟ್ಟಿದೆ. ವಿಮಾನದ ವಾಲಿಕೆ ತೋರಿಸುವ ಕ್ಯಾಪ್ಟನ್ನರ ಉಪಕರಣ ಕೆಟ್ಟು, ಬಲಕ್ಕೆ ವಾಲಿದಂತೆ ತೋರಿಸುತ್ತಿತ್ತು. ಹೊರಗೆ ಕತ್ತಲು, ಕೆಳಗೆ ಕಡಲು, ದಿಗಂತವೇ ಇಲ್ಲ. ಅವರು ಎಡಕ್ಕೆ ವಾಲಿಸುತ್ತ ಹೋದರು. ವಿಮಾನ ಅರಬ್ಬಿ ಸಮುದ್ರಕ್ಕೆ ಬಿದ್ದು 213 ಮಂದಿಯೂ ತೀರಿಕೊಂಡರು. ಅದೇ ಕಾಕ್‌ಪಿಟ್ಟಿನಲ್ಲಿ ಅದೇ ಸಂಗತಿಯನ್ನು ತೋರಿಸುವ ಬೇರೆ ಉಪಕರಣಗಳೂ ಇದ್ದವು. ಇನ್‌ಸ್ಟ್ರುಮೆಂಟ್ ತರಬೇತಿಯ ತಿರುಳು ಇಲ್ಲೇ ಇದೆ: ಒಂದು ಉಪಕರಣದ ಮಾತನ್ನು ಇನ್ನೊಂದರ ಸಾಕ್ಷಿಯೊಂದಿಗೆ ಹೋಲಿಸಿ ನೋಡದೆ ಒಪ್ಪಬಾರದು. ವಾಲಿಕೆ ಹೇಳುವ ಉಪಕರಣವನ್ನು ದಿಕ್ಕಿನ ಉಪಕರಣ, ತಿರುವಿನ ಉಪಕರಣ, ಎತ್ತರ, ವೇಗ ಎಲ್ಲವೂ ಸಮರ್ಥಿಸಬೇಕು. ನಂಬಿಕೆಗೆ ಇಲ್ಲಿ ಜಾಗವಿದೆ, ಆದರೆ ಅದು ಪ್ರತಿಕ್ಷಣವೂ ಪರೀಕ್ಷೆಗೆ ಒಳಗಾಗುವ ನಂಬಿಕೆ.

ಎರಡು ಎಂಜಿನ್‌ಗಳ ಅಭ್ಯಾಸವೂ ಇದೇ ಪಾಠವನ್ನು ಕೈಕಾಲುಗಳಿಗೆ ಕಲಿಸುತ್ತದೆ. ಟೇಕಾಫ್ ಆದ ಕೂಡಲೇ ಒಂದು ಎಂಜಿನ್ ನಿಂತರೆ ವಿಮಾನ ಆ ಕಡೆಗೆ ಎಳೆಯುತ್ತದೆ. ಅದನ್ನು ತಡೆಯಲು ಒಂದು ಕಾಲು ಪೆಡಲನ್ನು ಬಲವಾಗಿ ಒತ್ತಿ ಹಿಡಿಯುತ್ತದೆ. ಕೆಲಸವಿಲ್ಲದೆ ಉಳಿದ ಕಾಲು ಯಾವ ಕಡೆಯದೋ ಆ ಕಡೆಯ ಎಂಜಿನ್ ಸತ್ತಿದೆ ಎಂದು ಲೆಕ್ಕ. ಅಲ್ಲಿಗೇ ನಿಲ್ಲುವಂತಿಲ್ಲ. ಸತ್ತಿದೆ ಎಂದುಕೊಂಡ ಎಂಜಿನ್ನಿನ ಥ್ರಾಟಲನ್ನು ಮೆಲ್ಲಗೆ ಹಿಂದಕ್ಕೆ ಎಳೆದು ನೋಡಬೇಕು. ಸದ್ದಿನಲ್ಲಿ, ಎಳೆತದಲ್ಲಿ ಏನೂ ಬದಲಾಗದಿದ್ದರೆ ಊಹೆ ಸರಿ. ಆಮೇಲಷ್ಟೇ ಅದನ್ನು ಪೂರ್ತಿ ಬಂದ್ ಮಾಡಬೇಕು. 2015ರ ಫೆಬ್ರವರಿ 4ರಂದು ತೈವಾನಿನ ತೈಪೆಯಲ್ಲಿ ಒಂದು ಎಟಿಆರ್ 72 ವಿಮಾನದ ಬಲ ಎಂಜಿನ್ ಶಕ್ತಿ ಕಳೆದುಕೊಂಡಾಗ ಪೈಲಟ್ ಚೆನ್ನಾಗಿದ್ದ ಎಡ ಎಂಜಿನ್ನನ್ನೇ ನಿಲ್ಲಿಸಿಬಿಟ್ಟರು. 43 ಮಂದಿ ಸತ್ತರು. ಊಹೆಗೂ ಕ್ರಿಯೆಗೂ ನಡುವೆ ಪರೀಕ್ಷೆ ಇರಬೇಕೆಂಬುದು ತರ್ಕಶಾಸ್ತ್ರದ ಸೂತ್ರ. ಇಲ್ಲಿ ಅದು ಕೆಲವೇ ಸೆಕೆಂಡುಗಳಲ್ಲಿ ಮುಗಿಯಬೇಕಾದ ಕೆಲಸ.

ಇಂಥ ವಿದ್ಯೆಯ ಗುರುವನ್ನು ಗುರುತಿಸುವುದು ಕಷ್ಟವಾಗಲು ಕಾರಣವಿದೆ. ಸಂಗೀತದ ಗುರುವನ್ನು ಹುಡುಕುವವನಿಗೆ ಕಿವಿ ನೆರವಾಗುತ್ತದೆ. ಗದಗಿನ ಬಾಲಕ ಭೀಮಸೇನ ಜೋಶಿ 1933ರಲ್ಲಿ ಮನೆ ಬಿಟ್ಟು ಉತ್ತರ ಭಾರತದಲ್ಲೆಲ್ಲ ಅಲೆದು, ಕೊನೆಗೆ ಹುಬ್ಬಳ್ಳಿಯ ಪಕ್ಕದ ಕುಂದಗೋಳದಲ್ಲಿದ್ದ ಸವಾಯಿ ಗಂಧರ್ವರ ಬಳಿ ನೆಲೆಗೊಂಡರು. ಗಂಗೂಬಾಯಿ ಹಾನಗಲ್ ಅವರು ಅದೇ ಗುರುವಿನ ಬಳಿಗೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬಂದು ಕಲಿತರು. ಗುರು ಹಾಡಿದಾಗ ಅವರ ವಿದ್ಯೆ ಶಿಷ್ಯರ ಎದುರಿಗೇ ಇರುತ್ತದೆ. ಪೂರ್ತಿ ತಿಳಿಯದಿದ್ದರೂ ಅದರ ಸೆಳೆತ ತಿಳಿಯುತ್ತದೆ. ಫ್ಲೈಯಿಂಗ್ ಸ್ಕೂಲಿನ ವಿದ್ಯೆ ಹೀಗೆ ಎದುರಿಗೆ ಬರುವುದಿಲ್ಲ. ಬಣ್ಣ ಬಳಿದ ವಿಮಾನ, ಸಮವಸ್ತ್ರ, ಹವಾನಿಯಂತ್ರಿತ ಕೊಠಡಿ ಕಾಣುತ್ತವೆ. ಕಲಿಕೆ ಗಟ್ಟಿಯೋ ಪೊಳ್ಳೋ ಎಂಬುದು ಕಾಣುವುದು ವರ್ಷಗಳ ನಂತರ, ಕೆಟ್ಟ ಹವೆಯ ಒಂದು ದಿನ.

ಗ್ರೀಸಿನ ಪ್ಲೇಟೋ ತನ್ನ ‘ಪ್ರೊಟಾಗೊರಸ್’ ಸಂವಾದದ ಆರಂಭದಲ್ಲೇ ಈ ಅಪಾಯವನ್ನು ಗುರುತಿಸಿದ್ದಾನೆ. ಹೆಸರಾಂತ ಬೋಧಕನೊಬ್ಬ ಊರಿಗೆ ಬಂದನೆಂದು ಹಣ ಕೊಟ್ಟು ಶಿಷ್ಯನಾಗಲು ಹೊರಟ ತರುಣನನ್ನು ಸಾಕ್ರಟೀಸ್ ತಡೆಯುತ್ತಾನೆ. ಕೊಂಡ ಆಹಾರವನ್ನು ಪಾತ್ರೆಯಲ್ಲಿ ಮನೆಗೆ ಒಯ್ದು, ತಿನ್ನುವ ಮೊದಲು ಬಲ್ಲವರಿಗೆ ತೋರಿಸಬಹುದು. ಕಲಿತದ್ದು ನೇರವಾಗಿ ಮನಸ್ಸಿಗೆ ಇಳಿಯುವುದರಿಂದ ಅದಕ್ಕೆ ಆ ಅವಕಾಶವಿಲ್ಲ ಎಂಬುದು ಅವನ ವಾದ. ಹಾರಾಟದಲ್ಲಿ ಇದು ಅಕ್ಷರಶಃ ನಿಜ. ಮೊದಲ ಗುರು ಕಲಿಸಿದ ತಪ್ಪು ರೂಢಿ ಕೈಯಲ್ಲಿ ಕೂತರೆ, ಗಾಬರಿಯ ಹೊತ್ತಿನಲ್ಲಿ ಮೊದಲು ಹೊರಬರುವುದು ಅದೇ.

ಈ ತೊಡಕಿಗೆ ಭಾರತೀಯ ಪರಂಪರೆ ಕೊಟ್ಟಿರುವ ಪರಿಹಾರವೆಂದರೆ, ವಿದ್ಯೆಯನ್ನು ಅಳೆಯಲಾಗದಿದ್ದರೂ ವಿದ್ಯೆ ಹೇಳುವವನ ನಡೆಯನ್ನು ಅಳೆಯಬಹುದು ಎಂಬುದು. ನ್ಯಾಯದರ್ಶನವು ಶಬ್ದಪ್ರಮಾಣಕ್ಕೆ ಆಪ್ತನ ಮಾತೇ ಆಧಾರ ಎನ್ನುತ್ತದೆ. ಭಾಷ್ಯಕಾರ ವಾತ್ಸ್ಯಾಯನನ ಪ್ರಕಾರ ಆಪ್ತನೆಂದರೆ ವಸ್ತುವನ್ನು ತಾನೇ ಕಂಡು ತಿಳಿದವನು, ಕಂಡದ್ದನ್ನು ಕಂಡಂತೆ ಹೇಳುವ ಇಚ್ಛೆ ಉಳ್ಳವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ಅವನು ಸ್ಪಷ್ಟಪಡಿಸಿದ್ದಾನೆ. ಕುಲ, ಹೆಸರು, ವೈಭವ ಇಲ್ಲಿ ಲೆಕ್ಕಕ್ಕಿಲ್ಲ. ಇದನ್ನು ಶಾಲೆಗೆ ಅನ್ವಯಿಸಿದರೆ ಕೇಳಬೇಕಾದ ಪ್ರಶ್ನೆಗಳು ತಾವಾಗಿ ಏಳುತ್ತವೆ. ಇನ್‌ಸ್ಟ್ರಕ್ಟರ್ ನಿಜವಾದ ಮೋಡದಲ್ಲಿ ಎಷ್ಟು ಹಾರಿದ್ದಾರೆ? ಎರಡು ಎಂಜಿನ್‌ಗಳ ವಿಮಾನ ಕಾಗದದ ಮೇಲೆ ಎಷ್ಟಿವೆ, ಇಂದು ಹಾರಲು ಸಿದ್ಧವಾಗಿರುವುದು ಎಷ್ಟು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮಘಟ್ಟದ ಮೋಡ ಬೆಳಗಾವಿ, ಧಾರವಾಡದ ಮೇಲೆ ಇಳಿದು ನಿಂತಾಗ ವಿದ್ಯಾರ್ಥಿಗಳು ಎಷ್ಟು ದಿನ ಕಾಯುತ್ತಾರೆ? ಕಳೆದ ತಂಡದವರಿಗೆ ರೇಟಿಂಗ್ ಸಿಗಲು ಎಷ್ಟು ತಿಂಗಳು ಹಿಡಿಯಿತು? ಕಂಡದ್ದನ್ನು ಕಂಡಂತೆ ಹೇಳುವ ಶಾಲೆ ಮೊದಲು ತನ್ನ ಕೊರತೆಯನ್ನು ಹೇಳುತ್ತದೆ.

ಮುಂಡಕೋಪನಿಷತ್ತು ಗುರುವಿಗೆ ಎರಡು ಲಕ್ಷಣ ಹೇಳುತ್ತದೆ: ಶ್ರುತಿಯನ್ನು ಬಲ್ಲವನಾಗಿರಬೇಕು, ಬ್ರಹ್ಮದಲ್ಲಿ ನೆಲೆ ನಿಂತವನಾಗಿರಬೇಕು. ಪುಸ್ತಕವೂ ಬೇಕು, ಅನುಭವವೂ ಬೇಕು. ಗ್ರೌಂಡ್ ಕ್ಲಾಸಿನಲ್ಲಿ ನಿಯಮ ಒಪ್ಪಿಸಿ ವಿಮಾನದಲ್ಲಿ ತಡಬಡಾಯಿಸುವವರೂ, ಚೆನ್ನಾಗಿ ಹಾರಿಸಿಯೂ ಕಾರಣ ವಿವರಿಸಲಾರದವರೂ ಅರ್ಧ ಗುರುಗಳೇ. ಕುಲಾರ್ಣವ ತಂತ್ರ ಇನ್ನೂ ಮುಂದೆ ಹೋಗಿ, ಗುರು-ಶಿಷ್ಯರು ಪರಸ್ಪರ ಪರೀಕ್ಷಿಸಿಕೊಳ್ಳಬೇಕು ಎನ್ನುತ್ತದೆ. ಶಿಷ್ಯನ ಹಣ ಕಸಿಯುವ ಗುರುಗಳು ಬಹಳ, ಅವನ ತಾಪ ಕಳೆಯುವವರು ವಿರಳ ಎಂದು ಎಚ್ಚರಿಸುತ್ತದೆ. ಹಣ ಕಟ್ಟಿದವರನ್ನೆಲ್ಲ ಯಾವ ಪರೀಕ್ಷೆಯೂ ಇಲ್ಲದೆ ಸೇರಿಸಿಕೊಳ್ಳುವ ಶಾಲೆ ಈ ಒಪ್ಪಂದದ ತನ್ನ ಪಾಲನ್ನೇ ಕೈಬಿಟ್ಟಂತೆ. ಪೂರ್ತಿ ಶುಲ್ಕವನ್ನು ಮುಂಗಡವಾಗಿ ಕೇಳದೆ ಹಂತಹಂತವಾಗಿ ಪಡೆಯುವ ಶಾಲೆ ಪರೀಕ್ಷಿಸಿಕೊಳ್ಳಲು ಶಿಷ್ಯನಿಗೂ ಅವಕಾಶ ಕೊಡುತ್ತದೆ.

ಪರೀಕ್ಷೆ ಶ್ರದ್ಧೆಗೆ ವಿರೋಧವಲ್ಲವೇ ಎಂಬ ಆಕ್ಷೇಪ ಸಹಜ. ಹುಬ್ಬಳ್ಳಿಯ ಸಿದ್ಧಾರೂಢರು (1836–1929) ಎಳವೆಯಲ್ಲೇ ಗುರುವನ್ನು ಅರಸುತ್ತ ಮನೆ ಬಿಟ್ಟು, ಗಜದಂಡಸ್ವಾಮಿಗಳ ಸೇವೆಯಲ್ಲಿ ವರ್ಷಗಟ್ಟಲೆ ಇದ್ದರೆಂದು ಅವರ ಚರಿತ್ರೆ ಹೇಳುತ್ತದೆ. ಅಲ್ಲಿ ಅರಸುವುದೂ ಇದೆ, ಅರ್ಪಿಸಿಕೊಳ್ಳುವುದೂ ಇದೆ; ಒಂದರ ನಂತರ ಇನ್ನೊಂದು. ಭಗವದ್ಗೀತೆಯ ನಾಲ್ಕನೆಯ ಅಧ್ಯಾಯ ಜ್ಞಾನವನ್ನು ಪಡೆಯುವ ಬಗೆ ಹೇಳುವಾಗ ನಮಸ್ಕಾರ ಮತ್ತು ಸೇವೆಗಳ ನಡುವೆ ಪ್ರಶ್ನಿಸುವುದನ್ನು ಇಟ್ಟಿದೆ. ಕಾಕ್‌ಪಿಟ್ಟಿನಲ್ಲೂ ಇದೇ ಕ್ರಮ. ಇನ್‌ಸ್ಟ್ರಕ್ಟರ್ ನಿಯಂತ್ರಣ ಕೇಳಿದ ಕ್ಷಣ ವಿದ್ಯಾರ್ಥಿ ಮರುಮಾತಿಲ್ಲದೆ ಬಿಟ್ಟುಕೊಡಬೇಕು. ಇಳಿದ ಮೇಲೆ ಕೂತು ಏಕೆ ಎಂದು ಕೇಳಲೇಬೇಕು. ಪ್ರಶ್ನೆ ಕೇಳಿದರೆ ಮುನಿಯುವ ಶಾಲೆ, ಎದ್ದು ಹೇಳಲಾರದ ಸಹಪೈಲಟ್‌ನನ್ನು ತಯಾರಿಸುತ್ತದೆ.

ಆದರೆ ಈ ಗುರು-ಶಿಷ್ಯ ಸಂಬಂಧದಲ್ಲಿ ಮೂರನೆಯವರೂ ಇದ್ದಾರೆ. ಮೋಕ್ಷವಿದ್ಯೆಯಲ್ಲಿ ಕೆಟ್ಟ ಗುರುವಿನಿಂದ ಕೆಡುವವನು ಮುಖ್ಯವಾಗಿ ಶಿಷ್ಯ. ಇಲ್ಲಿ ಹಿಂದೆ ಕೂತ ಪ್ರಯಾಣಿಕರೆಲ್ಲರೂ. ಅವರಿಗೆ ಆಯ್ಕೆಯೇ ಇರಲಿಲ್ಲ. 2011ರಲ್ಲಿ ಭಾರತದಲ್ಲಿ ಸುಳ್ಳು ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಪೈಲಟ್‌ಗಳ ಪ್ರಕರಣಗಳು ಹೊರಬಿದ್ದಾಗ ಕಂಡದ್ದು ಇದೇ: ಸುಲಭದ ದಾರಿ ಕೊಂಡವನ ಸಾಲವನ್ನು ಕಾಣದ ಜನ ತೀರಿಸಬೇಕಾಗುತ್ತದೆ. ಹೀಗಾಗಿ ಬೇಗ ಮುಗಿಸುವ, ಅಗ್ಗದ, ಲಾಗ್‌ಬುಕ್ ತುಂಬಿಸುವ ಶಾಲೆಯನ್ನು ಗೊತ್ತಿದ್ದೂ ಆರಿಸುವುದು ಸ್ವಂತ ವಿಷಯವಾಗಿ ಉಳಿಯದೆ ಅಧರ್ಮವಾಗುತ್ತದೆ.

2025ರಲ್ಲಿ ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ತರಬೇತಿ ಸಂಸ್ಥೆಗಳಿಗೆ ವರ್ಷಕ್ಕೆ ಎರಡು ಬಾರಿ ಶ್ರೇಣಿ ಕೊಡುವ ಪದ್ಧತಿ ತಂದಿತು. ಅದೊಂದು ಒಳ್ಳೆಯ ಸಾಕ್ಷಿ, ಆದರೆ ಒಂದೇ ಸಾಕ್ಷಿ. ಅದರ ಜೊತೆಗೆ ಕಲಿತು ಹೋದವರ ಮಾತು, ಅರ್ಧಕ್ಕೆ ಬಿಟ್ಟವರ ಮಾತು, ಹ್ಯಾಂಗರಿನಲ್ಲಿ ಕಣ್ಣಾರೆ ಕಂಡದ್ದು, ಲಿಖಿತ ಕರಾರು ಎಲ್ಲವನ್ನೂ ಒಂದಕ್ಕೊಂದು ತಾಳೆ ನೋಡಬೇಕು. ಒಂದು ಉಳಿದವುಗಳಿಂದ ಬೇರೆಯಾಗಿ ನುಡಿದರೆ ನಿಂತು ವಿಚಾರಿಸಬೇಕು. ಅರಿಯದವನಿಗೆ ವಿದ್ಯೆ ಇಲ್ಲದಿದ್ದರೂ ಈ ಶಿಸ್ತು ಅವನ ಕೈಯಲ್ಲಿದೆ. ತಾಳೆ ನೋಡಲು ಬಾಗಿಲು ತೆರೆದಿಡುವ ಶಾಲೆಯೇ ಶ್ರದ್ಧೆಗೆ ಅರ್ಹವಾದದ್ದು.